ಕೆಂಪು ಚೀಲಕ್ಕೆ ಕಾಲು ತಾಗಿದ್ದು

ಹ್ಯೂಸ್ಟನ್, ಮಾರ್ಚ್ 2006

ಅಪ್ಪಾಜಿ,

ನೀವು ಹೋಗಿ ಎರಡು ವರ್ಷವಾಯಿತು. ಆದರೂ ಇದನ್ನು ನಿಮಗೇ ಹೇಳಬೇಕು ಅನ್ನಿಸಿತು. ನಾನೀಗ ಪೆಥಾಲಜಿ ಅಸಿಸ್ಟೆಂಟ್ ಕೋರ್ಸ್ ಓದುತ್ತಿದ್ದೇನೆ. ಆಪರೇಷನ್‌ನಲ್ಲಿ ತೆಗೆದ ಭಾಗಗಳನ್ನು ಅಳೆದು, ಕತ್ತರಿಸಿ, ಕಂಡದ್ದನ್ನು ಬರೆದಿಡುವ ಕೆಲಸ. ಡಲ್ಲಾಸ್‌ನ ಆಸ್ಪತ್ರೆಯ ಸರದಿ ಮುಗಿಸಿ ಈ ತಿಂಗಳು ಇಲ್ಲಿನ ಆಸ್ಪತ್ರೆಯಲ್ಲಿ ತರಬೇತಿ.

ಇವತ್ತು ಬೆಳಿಗ್ಗೆ ಮೊಣಕಾಲಿನ ಕೆಳಗೆ ತೆಗೆದ ಒಂದು ಕಾಲು ಬಂತು. ನಿಮ್ಮ ಹಾಗೆಯೇ ಸಕ್ಕರೆ ಕಾಯಿಲೆ. ಕೆಂಪು ಚೀಲದಲ್ಲಿ ಸುತ್ತಿ ಮೇಜಿನ ಪಕ್ಕ ನೆಲದ ಮೇಲಿಟ್ಟಿದ್ದರು. ತಿರುಗುವಾಗ ನನ್ನ ಶೂ ಅದಕ್ಕೆ ತಾಗಿತು. ತಕ್ಷಣ ಬಗ್ಗಿ ಚೀಲ ಮುಟ್ಟಿ, ಕಣ್ಣಿಗೆ ಒತ್ತಿಕೊಳ್ಳಲು ಕೈ ಎತ್ತಿದೆ. ಗ್ಲೌಸಿನ ಮೇಲೆಲ್ಲ ಕಣ್ಣು ಸುಡುವ ಫಾರ್ಮಲಿನ್! ನಮಗೆ ಕಲಿಸುವ ಡೊನ್ನಾ ಕಿರುಚಿಕೊಂಡು ನನ್ನ ಕೈ ಹಿಡಿದಳು. ಕಣ್ಣು ಉಳಿಯಿತು. ಚೆನ್ನಾಗಿ ಬೈಸಿಕೊಂಡೆ.

"ಪೇಷಂಟ್ ನಿನಗೆ ಗೊತ್ತಿರೋರಾ?" ಎಂದು ಆಮೇಲೆ ಮೆಲ್ಲಗೆ ಕೇಳಿದಳು.

ಇಲ್ಲ ಎಂದೆ.

ನಿಮ್ಮ ಆಪರೇಷನ್ ಆದಾಗ ನಾನು ಡಲ್ಲಾಸ್ ಪಕ್ಕದ ಇರ್ವಿಂಗ್‌ನಿಂದ ಫೋನ್ ಮಾಡಿದ್ದೆ. "ತಗದ ಕಾಲು ಏನ್ ಮಾಡ್ತಾರವಾ?" ಎಂದು ಕೇಳಿದಿರಿ. "ಅದರ ಚಿಂತಿ ನಿಮಗ್ಯಾಕ್ರಿ ಅಪ್ಪಾಜಿ, ಇದ್ದ ಕಾಲು ಜ್ವಾಕಿ ಮಾಡ್ಕೋರಿ" ಎಂದು ಫೋನ್ ಇಟ್ಟುಬಿಟ್ಟೆ.

ಈಗ ಹೇಳಬಲ್ಲೆ. ಮೊದಲು ಚೀಟಿಯ ಮೇಲಿನ ಹೆಸರನ್ನು ಎರಡು ಸಲ ಓದುತ್ತೇವೆ. ಆಮೇಲೆ ಎಡಗಾಲೋ ಬಲಗಾಲೋ ಎಂದು ಬರೆಯುತ್ತೇವೆ. ಅದಿಲ್ಲದೆ ಮುಂದಕ್ಕೆ ಹೋಗುವಂತಿಲ್ಲ.

ನಿಮ್ಮದು ಯಾವುದೆಂದು ನಾನು ಕೇಳಿಯೇ ಇರಲಿಲ್ಲ.

ನಿಮ್ಮ
ವಿದ್ಯಾವತಿ