ಆಲ್ಡ್‌ಮಿಯರ್‌ನ ಪ್ಲಮ್ ತೋಟದವರು

ಆಲ್ಡ್‌ಮಿಯರ್‌ನ ಮೇಲ್ದಂಡೆ, ಯಾರ್ಕ್‌ಶೈರಿನ ಪೂರ್ವ ಕರಾವಳಿ
ಎರಡು ಸಾವಿರದ ಇನ್ನೂರ ಆರನೆಯ ಇಸವಿ, ನೆರೆತಿಂಗಳು

ನಾನು ಕಾಣಲಾರದ ನನ್ನ ಮರಿಮಕ್ಕಳ ಮಕ್ಕಳೇ,

ಮೇಲಿನ ತಾರೀಖನ್ನು ನೋಡಿ ನೀವು ಗಲಿಬಿಲಿಗೊಳ್ಳಬಹುದು. ನೆರೆತಿಂಗಳು ನಿಮ್ಮ ಕಾಲಕ್ಕೆ ಉಳಿದಿರುತ್ತದೋ ಇಲ್ಲವೋ ತಿಳಿಯದು. ಫೆಬ್ರವರಿಗೂ ಮಾರ್ಚಿಗೂ ನಡುವೆ ನಾವು ಸೇರಿಸಿಕೊಂಡ ತಿಂಗಳು ಅದು. ಸಮುದ್ರ ರಸ್ತೆಗಳ ಮೇಲೆ ಬಂದು ನಿಲ್ಲುವ ಆ ದಿನಗಳಲ್ಲಿ ಶಾಲೆಯಿಲ್ಲ, ಕೋರ್ಟಿಲ್ಲ, ಮದುವೆಯಿಲ್ಲ. ಮನೆಯಲ್ಲಿ ಕೂತು ಗಾಳಿ ಇಳಿಯಲಿ ಎಂದು ಕಾಯುವುದಷ್ಟೇ. ನನ್ನ ಮಾತುಗಳೂ ನಿಮಗೆ ವಿಚಿತ್ರವಾಗಿ ಕೇಳಿಸಿದರೆ ಕ್ಷಮಿಸಬೇಕು. ಈ ಕನ್ನಡ ಧಾರವಾಡ ಸೀಮೆಯಿಂದ ಒಬ್ಬ ನರ್ಸಿನ ಬಾಯಲ್ಲಿ ಇಲ್ಲಿಗೆ ಬಂದದ್ದು, ತಲೆಮಾರುಗಟ್ಟಲೆ ಉಪ್ಪುಗಾಳಿಯಲ್ಲಿ ಬದುಕಿದ್ದು. ಬರೆಯುವ ಕನ್ನಡವನ್ನು ನಾನು ದೊಡ್ಡವಳಾದ ಮೇಲೆ ಕಲಿತೆ. ಮನೆಯವರು ಆಡಿದ ಮಾತನ್ನು ಮಾತ್ರ ಆಡಿದ ಹಾಗೆಯೇ ಬರೆಯುತ್ತೇನೆ. ನಮ್ಮೂರಿನ ಇಂಗ್ಲಿಷರು ಆಡಿದ್ದನ್ನೂ ಅದೇ ಮನೆಮಾತಿನಲ್ಲಿ ಬರೆಯುತ್ತೇನೆ, ಏಕೆಂದರೆ ನನ್ನ ನೆನಪಿನಲ್ಲಿ ಅವರೆಲ್ಲ ಈಗ ಹಾಗೆಯೇ ಮಾತಾಡುತ್ತಾರೆ.

ನನ್ನ ಹೆಸರು ನೀಲಾಂಬಿಕೆ ವೆದರ್ಬಿ. ಎಂಬತ್ತು ದಾಟಿದೆ. ನಾನು ಹುಟ್ಟಿ ಬೆಳೆದ ಆಲ್ಡ್‌ಮಿಯರ್ ಈಗ ನೀರಿನಡಿಯಲ್ಲಿದೆ. ದಂಡೆಯಲ್ಲಿ ಸಿಗುವ ಉಂಡೆಗಲ್ಲುಗಳಿಂದ ಕಟ್ಟಿದ ಗೋಡೆಗಳು, ಕೆಂಪು ಹೆಂಚು, ಎರಡೇ ಬೀದಿ. ಚಾಪೆಲ್ ಲೇನಿನ ತುದಿಯಲ್ಲಿ ಬೇಕರಿ ಇತ್ತು. ಉಪ್ಪುನೆಲದಲ್ಲಿ ಬೆಳೆಯುವಂತೆ ಪಳಗಿಸಿದ ಬಾರ್ಲಿಯ ರೊಟ್ಟಿಯನ್ನು ಅಲ್ಲಿ ಸುಡುತ್ತಿದ್ದರು. ಬಿಸಿ ಇರುವಾಗ ಅದಕ್ಕೆ ಬೆಣ್ಣೆಯೇ ಬೇಕಿರಲಿಲ್ಲ. ಹಳೆಯ ಪೋಸ್ಟಾಫೀಸಿನಲ್ಲಿ ಶಾಲೆ. ಅಲ್ಲಿಯ ಗೋಡೆಯ ಮೇಲೆ ಒಂದು ನಕ್ಷೆ. ಸಮುದ್ರ ನುಂಗಿದ ಊರುಗಳನ್ನೆಲ್ಲ ಅದರಲ್ಲಿ ನೀಲಿ ಬಣ್ಣದ ಮೇಲೆ ಕಪ್ಪು ಅಕ್ಷರದಲ್ಲಿ ಬರೆದಿದ್ದರು. ನಮ್ಮೂರಿನ ಚರ್ಚು ಆ ಹೆಸರಿನ ಮೂರನೆಯ ಚರ್ಚು, ಮೊದಲಿನ ಎರಡೂ ಮೀನುಗಳ ಪಾಲಾಗಿದ್ದವು. ನಾವು ಮಕ್ಕಳು ಕಣ್ಣು ಮುಚ್ಚಿಕೊಂಡು ಮುಳುಗಿದ ಬೀದಿಗಳಲ್ಲಿ ನಡೆಯುವ ಆಟ ಆಡುತ್ತಿದ್ದೆವು. ಒಬ್ಬಳು ‘ಕಮ್ಮಾರನ ಮನೆ’ ಎಂದರೆ ಇನ್ನೊಬ್ಬಳು ಬಾಗಿಲು ಬಡಿಯಬೇಕು. ಅದರಲ್ಲಿ ದುಃಖವಿದೆ ಎಂದು ಯಾರಿಗೂ ಅನ್ನಿಸಿರಲಿಲ್ಲ. ಕಂದು ಬಣ್ಣದ ಸಮುದ್ರ, ಜೇಡಿಮಣ್ಣಿನ ದಿಬ್ಬ, ಪ್ರತಿ ಚಳಿಗಾಲಕ್ಕೂ ಒಂದಿಷ್ಟು ನೆಲ ಹೋಗುವುದು, ಇವು ನಮಗೆ ಮಳೆ ಬಿಸಿಲಿನ ಹಾಗೆ.

ನಾನು ಎಂಟೊಂಬತ್ತು ವರ್ಷದವಳಿದ್ದಾಗ ತೀರಮಂಡಳಿಯವರು ಬಂದು ರಸ್ತೆಯ ಮೇಲೆ ಹಳದಿ ಗೆರೆ ಎಳೆದರು. ಅದನ್ನು ‘ಬಿಟ್ಟ ಗೆರೆ’ ಎನ್ನುತ್ತಿದ್ದೆವು. ಗೆರೆಯಿಂದ ಸಮುದ್ರದ ಕಡೆಗಿರುವುದನ್ನು ಸರ್ಕಾರ ಬಿಟ್ಟುಕೊಟ್ಟಿತು ಎಂದು ಅರ್ಥ: ಅಲ್ಲಿಗೆ ಕರೆಂಟಿಲ್ಲ, ರಿಪೇರಿಯಿಲ್ಲ, ವರ್ಷದೊಳಗೆ ಜನ ಒಳನಾಡಿನ ಚದುರುಪಟ್ಟಣಗಳಿಗೆ ಹೋಗಬೇಕು. ಒಂದೂರಿನವರನ್ನು ಹಲವು ಕಡೆ ಹಂಚಿ ಹಾಕುವ ಎತ್ತರದ ಕಟ್ಟಡಗಳಿಗೆ ಆ ಹೆಸರು. ಬದುಕಿದ್ದವರನ್ನು ಸಾಗಿಸಲು ಮಂಡಳಿಯ ಗಾಡಿಗಳಿದ್ದವು. ಚರ್ಚಿನ ಅಂಗಳದಲ್ಲಿ ಮಲಗಿದ್ದ ಸತ್ತವರ ಬಗ್ಗೆ ಅವರು ಒಂದು ಮಾತೂ ಆಡಲಿಲ್ಲ.

ಆ ಅಂಗಳದಲ್ಲಿ ಒಂದು ಹಳೆಯ ಏರ್ಪಾಡಿತ್ತು. ಊರಿನ ಹಿರಿಯ ಮನೆತನಗಳಿಗೆ ಸಮುದ್ರ ಕಾಣುವ ಸಾಲು, ಹೊರಗಿನಿಂದ ಬಂದವರಿಗೆ ಹಿಂದಿನ ಗೋಡೆಯ ಮೂಲೆ. ಧಾರವಾಡದಿಂದ ಬಂದ ನರ್ಸ್, ನನ್ನ ಅಜ್ಜಿಯ ತಾಯಿ ದಾಕ್ಷಾಯಣಿ, ಆ ಮೂಲೆಯಲ್ಲಿದ್ದಳು. ಅರ್ಧ ಊರಿನ ಹೆರಿಗೆ ಮಾಡಿಸಿದವಳು ಅವಳು. ಕರಾವಳಿ ಜ್ವರ ಬಂದ ವರ್ಷ ಮನೆಮನೆ ತಿರುಗಿ, ಕೊನೆಗೆ ತಾನೂ ಅದೇ ಜ್ವರದಲ್ಲಿ ಹೋದಳು. ನಮ್ಮವರು ಸತ್ತವರನ್ನು ಕೂರಿಸಿ, ಅಂಗೈಯಲ್ಲಿ ಲಿಂಗವಿಟ್ಟು ಹೂಳುತ್ತಾರೆ. ಚರ್ಚಿನ ಆಗಿನ ಮೇಲ್ವಿಚಾರಕ ಹೆರಾಲ್ಡ್ ಸ್ಕೇಫ್ ಅದಕ್ಕೆ ಒಪ್ಪಲಿಲ್ಲ. ಮುಂದಿನ ಸಾಲಿನಲ್ಲಿ ಜಾಗವಿಲ್ಲ ಎಂದ. ಜಾಗವಿತ್ತು. ಬಹಳ ಮಾತಾದ ಮೇಲೆ, ಕೂರಿಸುವುದಾದರೆ ಅಲ್ಲಿ ಎಂದು ತುರುಚಿ ಗಿಡ ಬೆಳೆದಿದ್ದ ಆ ಮೂಲೆಯನ್ನು ತೋರಿಸಿದ. ಆಗ ನನ್ನ ಅಜ್ಜಿ ಗುರುದೇವಿ ಚಿಕ್ಕ ಹುಡುಗಿ. ತುರುಚಿ ತಾಗಿ ಕಾಲು ಉರಿಯುತ್ತಿದ್ದರೂ ಕೆರೆದುಕೊಳ್ಳದೆ ನಿಂತಿದ್ದಳಂತೆ.

ಅಜ್ಜಿಯನ್ನು ನಾವು ಆಯಿ ಎನ್ನುತ್ತಿದ್ದೆವು. ಹೆರಾಲ್ಡನ ಮಗಳು ವಿನಿಫ್ರೆಡ್ ನಮ್ಮ ಮನೆಯ ಎದುರಿಗೇ ಇದ್ದಳು. ಅವಳು ಹುಟ್ಟಿದ್ದು ದಾಕ್ಷಾಯಣಿಯ ಕೈಯಲ್ಲಿ. ಆದರೂ ಆ ಮಣ್ಣಾದ ದಿನದಿಂದ ಆಯಿಗೂ ಅವಳಿಗೂ ಮಾತಿರಲಿಲ್ಲ. ಬೇಕರಿಯಲ್ಲಿ ಎದುರಾದರೆ ಒಬ್ಬರು ರೊಟ್ಟಿ ನೋಡುವರು, ಇನ್ನೊಬ್ಬರು ಕಿಟಕಿ ನೋಡುವರು.

ಗೆರೆ ಎಳೆದ ಆ ವರ್ಷ ಸಮುದ್ರ ಬಂದದ್ದು ಮುಂದಿನ ಸಾಲಿಗೆ. ಬಿಟ್ಟ ಗೆರೆಯಿಂದ ಒಳನಾಡಿನ ಕಡೆಗೆ, ಎತ್ತರದಲ್ಲಿ, ಮಣ್ಣು ಆಳವಾಗಿದ್ದ ನೆಲ ಒಂದೇ ಇತ್ತು: ಆಯಿಯ ಪ್ಲಮ್ ತೋಟ. ಚರ್ಚಿನ ಪಾದ್ರಿ ಮಾರ್ಜರಿ ಕ್ಲೇ ಒಂದು ಸಂಜೆ ನಮ್ಮ ಅಡುಗೆಮನೆಗೆ ಬಂದು, ಸತ್ತವರಿಗೆ ಅಲ್ಲಿ ಜಾಗ ಕೊಡುವಿರಾ ಎಂದು ಕೇಳಿದಳು. ಆಯಿ ಅವಳಿಗೆ ಚಹಾ ಬಸಿದು ಕೊಟ್ಟಳು.

“ನಮ್ಮವ್ವನ್ನ ತುರುಚಿ ಗಿಡದಾಗ ಹುಗಿದವರು ಅವರು,” ಎಂದಳು ಆಮೇಲೆ. “ಆವಾಗ ಜಾಗಾ ಇರಲಿಲ್ಲ ಅವರ ಕಡೆ. ಈಗ ನನ್ನ ಕಡೆ ಇಲ್ಲ.”

“ಗುರುದೇವಿ, ಅವರೆಲ್ಲ ಸತ್ತ ಹೋಗ್ಯಾರ.”

“ನಮ್ಮವ್ವನೂ ಸತ್ತಿದ್ಲು.”

ಪಾದ್ರಿ ಕಪ್ಪನ್ನು ತೊಳೆದಿಟ್ಟು ಹೋದಳು. ಆಯಿ ಹೇಳಿದ್ದು ಸರಿ ಎಂದೇ ನನಗನ್ನಿಸಿತ್ತು. ಮಕ್ಕಳಿಗೆ ಮನೆಯವರ ಸಿಟ್ಟು ತಮ್ಮದೇ ಸಿಟ್ಟು.

ಆ ವರ್ಷದ ನೆರೆತಿಂಗಳು ಭಾರಿಯಾಗಿತ್ತು. ಗಾಳಿ ನಿಂತ ಮರುದಿನ ಬೆಳಿಗ್ಗೆ ಆಯಿ ಮತ್ತು ನಾನು ತೇಲಿಬಂದ ಕಟ್ಟಿಗೆ ಆಯಲು ದಂಡೆಗೆ ಇಳಿದೆವು. ಚರ್ಚಿನ ಕೆಳಗಿನ ದಿಬ್ಬ ಜರಿದಿತ್ತು. ಹಸಿ ಮಣ್ಣಿನ ಗೋಡೆಯಲ್ಲಿ ಅಲ್ಲಲ್ಲಿ ಹಲಗೆಗಳು ಚಾಚಿಕೊಂಡಿದ್ದವು. ಕೆಳಗೆ ಕೆಸರಿನಲ್ಲಿ ವಿನಿಫ್ರೆಡ್ ಮಂಡಿಯೂರಿ ಕೂತು ಏನನ್ನೋ ಎತ್ತಿ ಎತ್ತಿ ತನ್ನ ಏಪ್ರನ್ನಿನಲ್ಲಿ ಹಾಕಿಕೊಳ್ಳುತ್ತಿದ್ದಳು. ಏಪ್ರನ್ ಚಿಕ್ಕದು. ಒಂದನ್ನು ಹಾಕಿದರೆ ಇನ್ನೊಂದು ಜಾರುತ್ತಿತ್ತು. ಅವು ಮೂಳೆಗಳೆಂದು ನನಗೆ ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ಅವಳ ಪಕ್ಕದಲ್ಲಿ ಶವಪೆಟ್ಟಿಗೆಯ ಹಿತ್ತಾಳೆ ಫಲಕ ಬಿದ್ದಿತ್ತು, ಹೆರಾಲ್ಡ್ ಸ್ಕೇಫ್ ಎಂಬ ಹೆಸರು ಓದುವಂತಿತ್ತು.

ವಿನಿಫ್ರೆಡ್ ತಲೆಯೆತ್ತಿ ನಮ್ಮನ್ನು ನೋಡಿದಳು. ಮುಖವೆಲ್ಲ ಮಣ್ಣು.

“ಬಂದಿ? ನೋಡು, ಕಣ್ತುಂಬ ನೋಡು,” ಎಂದಳು. “ನಿಮ್ಮವ್ವ ಗ್ವಾಡಿ ಮೂಲ್ಯಾಗ ಬೆಚ್ಚಗ ಕುಂತಾಳ. ನಮ್ಮಪ್ಪ ಇಲ್ಲಿ ರಾಡ್ಯಾಗ ಬಿದ್ದಾನ. ಖುಷಿ ಆತಿಲ್ಲೋ?”

ಆಯಿಯ ಕೈ ನನ್ನ ಭುಜದ ಮೇಲಿತ್ತು. ಅದು ಬಿಗಿಯಾದದ್ದು ನನಗೆ ಗೊತ್ತಾಯಿತು. ಅವಳು ಈಗ ಏನನ್ನೋ ಹೇಳಿಬಿಡುತ್ತಾಳೆ ಎಂದು ನಾನು ಕಾದೆ. ನೀರು ಏರುತ್ತಿತ್ತು. ಒಂದು ಅಲೆ ಬಂದು ವಿನಿಫ್ರೆಡ್‌ಳ ಮಂಡಿಯನ್ನು ಸುತ್ತಿ, ಹಿಂದೆ ಹೋಗುವಾಗ ಒಂದು ಮೂಳೆಯನ್ನು ಎಳೆದುಕೊಂಡಿತು. ವಿನಿಫ್ರೆಡ್ ಅದರ ಹಿಂದೆ ಕೈ ಚಾಚಿ ಮುಗ್ಗರಿಸಿದಳು. ಆಯಿ ನೀರಿಗೆ ಇಳಿದು ಅದನ್ನು ಹಿಡಿದಳು. ದಂಡೆಗೆ ಬಂದು, ಹೆಗಲ ಮೇಲಿದ್ದ ಉಣ್ಣೆಯ ಶಾಲನ್ನು ಮರಳ ಮೇಲೆ ಹಾಸಿದಳು.

“ಏಪ್ರನ್ನಿನಾಗ ಹಿಡಿಸೂದಿಲ್ಲ ಅದು. ಇದರಾಗ ಹಾಕು.”

ವಿನಿಫ್ರೆಡ್ ಏಪ್ರನ್ನನ್ನು ಎದೆಗೆ ಒತ್ತಿಕೊಂಡಳು.

“ಹಾಕವಾ, ನೀರ ಬರಾಕತ್ತೈತಿ.”

ಇಬ್ಬರೂ ಕೂಡಿ ಆರಿಸಿದರು. ನಾನೂ ಆರಿಸಿದೆ. ಗಂಟು ಕಟ್ಟಿದ ಮೇಲೆ ವಿನಿಫ್ರೆಡ್ ಅದನ್ನು ಎತ್ತಲು ಹೋದಳು. ಆಯಿ ಒಂದು ತುದಿ ಹಿಡಿದಳು. “ಎಲ್ಲಿಗೆ?” ಎಂದು ವಿನಿಫ್ರೆಡ್ ಕೇಳಿದಳು.

“ಎಲ್ಲಿಗೆ ಅಂದ್ರ? ತೋಟಕ್ಕ.”

ದಿಬ್ಬ ಹತ್ತುವಾಗ ಇಬ್ಬರೂ ಅಳುತ್ತಿದ್ದರು, ಒಬ್ಬರನ್ನೊಬ್ಬರು ನೋಡುತ್ತಿರಲಿಲ್ಲ. ಮೊದಲ ಪ್ಲಮ್ ಮರದ ಕೆಳಗೆ ಆಯಿಯೇ ಸನಿಕೆ ಹಿಡಿದಳು.

ಆಮೇಲೆ ಇಡೀ ಊರು ಬಂತು. ಬೇಕರಿಯ ತಟ್ಟೆಗಳು, ಮೀನಿನ ಕ್ರೇಟುಗಳು, ಬಟ್ಟೆ ಒಗೆಯುವ ಬುಟ್ಟಿಗಳು, ಯಾವುದು ಸಿಕ್ಕಿದರೆ ಅದು. ಮಂಡಳಿಯ ಅಧಿಕಾರಿಯೊಬ್ಬ ಬಂದು ಇದಕ್ಕೆ ಅನುಮತಿಯಿಲ್ಲ ಎಂದ. ವಿನಿಫ್ರೆಡ್ ತೋಟದ ಗೇಟಿನಲ್ಲಿ ಅಡುಗೆಮನೆಯ ಕುರ್ಚಿ ಹಾಕಿಕೊಂಡು ಕೂತು, “ನಮ್ಮಪ್ಪ ಒಳಗದಾನ. ಕರಕೊಂಡ ಹೋಗತೀಯೇನು? ಹೋಗು, ಕರಿ,” ಎಂದಳು. ಅವನು ಟೋಪಿ ತೆಗೆದು, ತಿರುಗಿ ಹೋದ. ಪುನಃ ಬರಲಿಲ್ಲ.

ಮೊದಮೊದಲು ಪ್ರತಿಯೊಬ್ಬರಿಗೂ ಬೇರೆ ಗುಂಡಿ, ಬೇರೆ ಹೆಸರಿನ ಹಲಗೆ. ಏಪ್ರಿಲ್‌ನಲ್ಲಿ ಇನ್ನೊಂದು ಬಿರುಗಾಳಿ ಬಂದು ಉಳಿದ ಸಾಲುಗಳು ಒಂದರ ಮೇಲೊಂದು ಕುಸಿದವು. ಯಾರ ಕೈ, ಯಾರ ಬೆನ್ನು, ಹೇಳುವವರಿಲ್ಲ. ಪಾದ್ರಿ ಮಾರ್ಜರಿ ಕೆಸರಿನಲ್ಲಿ ನಿಂತು ವಿಂಗಡಿಸಲು ನೋಡಿ, ಕೊನೆಗೆ ಕೈಚೆಲ್ಲಿದಳು. ಮರಗಳ ನಡುವೆ ಒಂದೇ ಉದ್ದನೆಯ ಕಾಲುವೆ ತೋಡಿ, ಎಲ್ಲರನ್ನೂ ಅದರಲ್ಲಿ ಇಟ್ಟರು. ಮೊದಲು ಹೂತವರ ಗುಂಡಿಗಳೂ ಆ ತೋಡುವಿಕೆಯಲ್ಲಿ ಅದಕ್ಕೇ ಸೇರಿಹೋದವು.

ಗೋಡೆಯ ಮೂಲೆ ಇನ್ನೂ ಭದ್ರವಾಗಿತ್ತು. ದಾಕ್ಷಾಯಣಿ ಅಲ್ಲಿಯೇ ಎಷ್ಟೋ ವರ್ಷ ಇರಬಹುದಿತ್ತು. ಆದರೆ ಆಯಿ, “ಎಲ್ಲಾರೂ ಹೋದ ಮ್ಯಾಲ ಆಕಿ ಒಬ್ಬಾಕಿನ ಹೆಂಗ ಕುಂದರ್ತಾಳ,” ಎಂದಳು. ಅಗೆದಾಗ ದಾಕ್ಷಾಯಣಿ ಕುಳಿತೇ ಇದ್ದಳು, ಮಣ್ಣು ಅವಳನ್ನು ಆನಿಸಿಕೊಂಡಿತ್ತು. ಮಡಿಲಲ್ಲಿ, ಬೆರಳುಗಳ ಸಣ್ಣ ಮೂಳೆಗಳ ನಡುವೆ, ಕಪ್ಪಾಗಿದ್ದ ಬೆಳ್ಳಿಯ ಕರಡಿಗೆ, ಒಳಗೆ ಲಿಂಗ. ಬುಟ್ಟಿ ಹಿಡಿದು ನಿಂತಿದ್ದ ವಿನಿಫ್ರೆಡ್ ಬಗ್ಗಿ ನೋಡಿದಳು.

“ಇದ ಏನು ಆಕಿ ಹಿಡಕೊಂಡ ಕುಂತಿದ್ದು?”

“ಹೌದು. ಇದ.”

“ಇಷ್ಟ ಸಣ್ಣದು.” ಅವಳು ಕರಡಿಗೆಯ ಮೇಲಿನ ಮಣ್ಣನ್ನು ಹೆಬ್ಬೆರಳಿನಿಂದ ಒರೆಸಿದಳು. “ನಮ್ಮಪ್ಪ ಇದಕ್ಕ ಯಾಕ ಅಂಜಿದ?”

“ನನಗೇನ ಗೊತ್ತವಾ,” ಎಂದಳು ಆಯಿ.

ದಾಕ್ಷಾಯಣಿಯನ್ನೂ ಕಾಲುವೆಗೆ ಇಳಿಸಿದರು. ಬೇರೆ ಗುಂಡಿ ತೋಡುತ್ತೇವೆಂದು ಊರಿನವರು ಹೇಳಿದ್ದರು, ಆಯಿಯೇ ಬೇಡವೆಂದಳು. ಕರಡಿಗೆಯನ್ನೂ ಅವಳ ಜೊತೆಗೇ ಇಟ್ಟಳು.

ಸುಗ್ಗಿ ಮುಗಿಯುವಷ್ಟರಲ್ಲಿ ಊರು ಖಾಲಿಯಾಯಿತು. ನನ್ನ ಗೆಳತಿಯರು ಮೂರು ಚದುರುಪಟ್ಟಣಗಳಿಗೆ ಹಂಚಿಹೋದರು, ಒಬ್ಬಳನ್ನೂ ನಾನು ಮತ್ತೆ ನೋಡಲಿಲ್ಲ. ಮುಂದಿನ ನೆರೆತಿಂಗಳಲ್ಲಿ ಚರ್ಚಿನ ಗೋಪುರ ಹೋಯಿತು. ವಿನಿಫ್ರೆಡ್ ಮಂಡಳಿಯ ಗಾಡಿ ಹತ್ತಲಿಲ್ಲ. ಗೆರೆಯಿಂದ ಒಳಗಿದ್ದ ತೋಟದ ಮಗ್ಗುಲಿಗೇ ನಾವು ಹೊಸ ಮನೆ ಕಟ್ಟಿಕೊಂಡಿದ್ದೆವು, ಅದರ ಹಿಂದಿನ ಕೋಣೆಗೆ ಬಂದಳು. ಅಷ್ಟು ವರ್ಷ ಆಡದೆ ಉಳಿದಿದ್ದ ಮಾತನ್ನೆಲ್ಲ ಇಬ್ಬರೂ ಜಗಳದಲ್ಲಿ ತೀರಿಸಿಕೊಂಡರು: ಚಹಾ ಕುದಿಸಬೇಕೋ ಬಿಸಿನೀರಿನಲ್ಲಿ ನೆನೆಹಾಕಬೇಕೋ, ಕಿಟಕಿ ತೆರೆಯಬೇಕೋ ಮುಚ್ಚಬೇಕೋ. ವಿನಿಫ್ರೆಡ್ ಮೊದಲು ತೀರಿಕೊಂಡಳು, ಆಮೇಲೆ ಆಯಿ. ಈಗ ಇಬ್ಬರೂ ಆ ಮರಗಳ ಕೆಳಗಿದ್ದಾರೆ.

ನಾನು ಇದನ್ನು ಈಗ ಬರೆಯಲು ಕಾರಣವಿದೆ. ಸಮುದ್ರ ತೋಟದಿಂದ ಕಾಣುತ್ತದೆ. ಮಂಡಳಿಯವರು ಈಗ ದಯಾಳುಗಳಾಗಿದ್ದಾರೆ: ಮನೆತನಕ್ಕೊಬ್ಬರಂತೆ ಹಿರಿಯರ ಅಸ್ಥಿಯನ್ನು ಒಳನಾಡಿನ ಸ್ಮಾರಕಕ್ಕೆ ಒಯ್ಯಲು ಅವಕಾಶವಿದೆಯಂತೆ. ಲೀಡ್ಸಿನಲ್ಲಿರುವ ಸ್ಕೇಫ್ ಮನೆತನದವರು ಹೆರಾಲ್ಡನನ್ನು ಕೇಳಿದ್ದಾರೆ. ಅಲ್ಲಿಯ ಕನ್ನಡ ಸಂಘದವರು ದಾಕ್ಷಾಯಣಿಯನ್ನು ಕೇಳಿದ್ದಾರೆ. ಅವಳಿಗೆ ಅಮೃತಶಿಲೆಯ ಕಟ್ಟೆ ಕಟ್ಟುತ್ತಾರಂತೆ. ಮೂಳೆಯ ಚೂರೊಂದು ಸಿಕ್ಕರೆ ಸಾಕು, ಅದು ಯಾರದೆಂದು ಯಂತ್ರ ಹೇಳುತ್ತದೆ ಎಂದೂ ವಿವರಿಸಿದರು. ಇಬ್ಬರಿಗೂ ನಾನು ಇಲ್ಲ ಎಂದೆ. ನನಗೆ ವಯಸ್ಸಾಗಿದೆ ಎಂದುಕೊಂಡು ಹೋದರು. ನಾನು ಹೋದ ಮೇಲೆ ಅವರು ನಿಮ್ಮನ್ನು ಕೇಳುತ್ತಾರೆ.

ನಿಮ್ಮಲ್ಲಿ ಶಕ್ತಿಯಿದ್ದು, ನೆಲವಿದ್ದು, ಕೈಗಳಿದ್ದರೆ, ಎಲ್ಲರನ್ನೂ ಒಯ್ಯಿರಿ. ಇಲ್ಲವಾದರೆ ಎಲ್ಲರನ್ನೂ ಸಮುದ್ರಕ್ಕೆ ಬಿಡಿ. ಅದರಲ್ಲಿ ಪಾಪವೇನೂ ಇಲ್ಲ. ಒಬ್ಬರನ್ನು ಮಾತ್ರ ಆರಿಸಿ ತೆಗೆಯಬೇಡಿ. ನನ್ನನ್ನೂ ತೆಗೆಯಬೇಡಿ.

ನಿಮ್ಮ
ನೀಲಾಂಬಿಕೆ