ಅಪ್ಪನ ಕೂಗು

ಹಾಸ್ಟೆಲ್, ಮಧುಗಿರಿ
17 ನವೆಂಬರ್ 2025, ಸೋಮವಾರ

ಮುದ್ದಿನ ಅಮ್ಮನಿಗೆ,

ಮುದ್ದಿನ ಅಂತ ಬರೆದೆ ನಿಜ, ಆದರೆ ನಿನ್ನ ಮೇಲೆ ನನಗೆ ಕೆಟ್ಟ ಕೋಪವಿದೆ. ಮಾತಾಡೋಣವೆಂದರೆ ಲಾವಣ್ಯಳ ಫೋನನ್ನು ನೀನು ಕಲಗಚ್ಚಿನ ಬಾನಿಗೆ ಎಸೆದಿದ್ದೀಯ. ಅಪ್ಪನ ಸಣ್ಣ ಫೋನ್ ಸ್ವಿಚ್ ಆಫ್. ಅದಕ್ಕೇ ಈ ಪತ್ರ.

ನಿನ್ನೆ ಹನುಮಂತರಾಜು ಚಿಕ್ಕಪ್ಪ ಫೋನ್ ಮಾಡಿದ್ದ. ಅವನ ದನಿಯಲ್ಲಿ ದುಃಖಕ್ಕಿಂತ ಖುಷಿಯೇ ಜಾಸ್ತಿ ಇತ್ತು. "ನಿನ್ ತಂಗೀನ ಕಾಲೇಜು ಬಿಡಿಸ್ಬುಟ್ರು ಕಣಮ್ಮ. ಇನ್ಮೇಲೆ ಕುರಿ ಹಿಂದೆ ಹೋಗ್ತಾಳೆ. ಹೆಣ್ಮಕ್ಳ ಕೈಗೆ ಫೋನ್ ಕೊಟ್ರೆ ಇಂಗೇ ಆಗೋದು," ಅಂದ. ಅವನ ಮಗ ದಿನವಿಡೀ ಬೈಕ್ ಮೇಲೆ ನಿಂತು ರೀಲ್ಸ್ ಮಾಡುತ್ತಾನಲ್ಲ, ಅವನ ಕೈಗೆ ಏನು ಕೊಟ್ಟಿದ್ದೀಯ ಅಂತ ಕೇಳಬೇಕಿತ್ತು.

ನಡೆದದ್ದು ನನಗೂ ಗೊತ್ತು. ಕುರಿ ಕರೆಯುವ ಆ "ಟ್ರುಯ್ಯೋ... ಬಾ ನನ್ನವ್ವಾ" ಅಪ್ಪನದೇ, ತಾತ ಕಲಿಸಿದ್ದು. ಹಟ್ಟಿಯಲ್ಲಿ ಒಬ್ಬೊಬ್ಬರದೂ ಒಂದೊಂದು ಕೂಗು. ಚಿಕ್ಕಪ್ಪ ಗಂಟಲು ಹರಿದುಕೊಂಡರೂ ನಮ್ಮ ಕುರಿ ತಲೆ ಎತ್ತುವುದಿಲ್ಲ. ಲಾವಣ್ಯ ಅದನ್ನು ವಿಡಿಯೊ ಮಾಡಿದಳು, ಮೂವತ್ತು ಸೆಕೆಂಡು. ವಿಡಿಯೊ ಅಪ್‌ಲೋಡ್ ಆಯಿತು. ಮೂರು ಲಕ್ಷ ಜನ ನೋಡಿದರು.

ಹೋದ ಗುರುವಾರ ಮಧ್ಯಾಹ್ನ ಅಪ್ಪ ಮುದ್ದೆ ಉಂಡು ಹೊಂಗೆಮರದ ಕೆಳಗೆ ಒರಗಿದ್ದಾಗ ತನ್ನ ದನಿ ಕೇಳಿಯೇ ಎಚ್ಚರವಾಯಿತಂತೆ. ರಸ್ತೆ ಕಡೆಯಿಂದ. ಯಾರೋ ಗೂಡ್ಸ್ ಆಟೊದಲ್ಲಿ ಸ್ಪೀಕರ್ ಇಟ್ಟು ಆ ವಿಡಿಯೊ ಹಾಕಿದ್ದರು. ಕುರಿಗಳು ನಂಬಿ ಹೋದವು. ಅಪ್ಪ ಓಡಿ ತಲುಪುವಷ್ಟರಲ್ಲಿ ಹನ್ನೊಂದನ್ನು ಹತ್ತಿಸಿಕೊಂಡು ಹೋಗಿದ್ದರು. ಈಗ ಅಪ್ಪ ಕೂಗುವುದನ್ನೇ ಬಿಟ್ಟು ಕಲ್ಲಿಗೆ ಕೋಲು ಕುಟ್ಟಿ ಕರೆಯುತ್ತಾನಂತೆ. ಪಕ್ಕದ ಮನೆ ರಂಗಕ್ಕ ಅದಕ್ಕೂ, "ಏನ್ಲಾ ಅಂಜಿನಮೂರ್ತಿ, ಗಂಟ್ಲೂ ಕದ್ಕೊಂಡ್ ಹೋದ್ರೇನ್ಲಾ?" ಅಂದಳಂತೆ. ಚಿಕ್ಕಪ್ಪ ಅದನ್ನೂ ನಗುತ್ತಲೇ ಹೇಳಿದ.

ಆದರೆ ಇದಕ್ಕೆ ಲಾವಣ್ಯ ಯಾಕಮ್ಮ ಕಾಲೇಜು ಬಿಡಬೇಕು? ಅಕೌಂಟಿನಲ್ಲಿ ಅವಳ ಹೆಸರು, ಫೋಟೊ ಇದೆ ಅಂತ ಚಿಕ್ಕಪ್ಪನ ಮಗ ಹಟ್ಟಿಗೆಲ್ಲ ತೋರಿಸಿದ. ನೀನು ಎಲ್ಲರ ಎದುರಿಗೆ ಅವಳ ಜಡೆ ಹಿಡಿದು "ನೀನೇನೇ ಹಾಕಿದ್ದು?" ಅಂದೆ. ಅವಳು "ಹೂಂ, ನಾನೇ" ಅಂದಳು. ಅಷ್ಟಕ್ಕೇ ಮುಗಿಯಿತಾ? ಕದ್ದವರನ್ನು ಹುಡುಕಲು ಯಾರೂ ಇಲ್ಲ, ಜಡೆ ಹಿಡಿಯಲು ಮಾತ್ರ ಊರೇ ಇದೆ!

ಅದೇ ಫೋನಿನಲ್ಲಿ ಅವಳು ಫಿಸಿಕ್ಸ್ ಕಲಿತದ್ದು ನಿನಗೆ ಗೊತ್ತಾ? ಕಾಲೇಜಿನಲ್ಲಿ ಪಾಠ ಮಾಡುವವರೇ ಇಲ್ಲದಿದ್ದಾಗ, ನೆಟ್‌ವರ್ಕ್ ಸಿಗುವ ಬಂಡೆ ಹತ್ತಿ ಕೂತು, ಒಂದೊಂದು ನಿಮಿಷದ ವಿಡಿಯೊ ನೋಡಿ ಟೆಸ್ಟಿನಲ್ಲಿ ಕ್ಲಾಸಿಗೇ ಫಸ್ಟ್ ಬಂದಳು. ಅಪ್ಪನ ವಿಡಿಯೊ ಕೆಳಗೆ ಪಾವಗಡದ ಕಡೆಯ ಒಬ್ಬರು "ಮಾ ನಾಯನ ಗುರ್ತೊಚ್ಚಾಡು" ಅಂತ ಬರೆದಿದ್ದರು. ಅವರಪ್ಪ ನೆನಪಾದರಂತೆ. ಅದನ್ನು ಓದಿ ನಾನು ಬಾತ್‌ರೂಮಿಗೆ ಹೋಗಿ ಅತ್ತೆ.

ರೀಲ್ಸಿನ ಆ ಆ್ಯಪ್ ಮೇಲೆ ನನಗೆ ಸಿಟ್ಟಿಲ್ಲ ಅಂದುಕೊಳ್ಳಬೇಡ. ಹತ್ತು ನಿಮಿಷ ಅಂತ ಹಿಡಿದರೆ ಊಟದ ಬೆಲ್ ಹೊಡೆದದ್ದೂ ಕೇಳಿಸುವುದಿಲ್ಲ. ನಾಳಿದ್ದು ಇಂಟರ್ನಲ್ಸ್, ಒಂದು ಪೇಜ್ ಓದಿಲ್ಲ, ಕೈ ಮತ್ತೆ ಅದನ್ನೇ ಹಿಡಿಯುತ್ತೆ. ವ್ಯೂಸ್ ಏರಿದರೆ ರಾತ್ರಿಯೆಲ್ಲ ಎಣಿಸುತ್ತಾ ಕೂರುತ್ತೀವಿ, ನಿಂತರೆ ಇನ್ನೂ ಜಾಸ್ತಿ ಸಲ ತೆಗೆದು ನೋಡುತ್ತೀವಿ. ನೋಡುವವರು ಯಾವ ಊರು, ಯಾವ ಬೆಟ್ಟ, ಎಷ್ಟು ಹೊತ್ತಿಗೆ ಅಂತ ಕೇಳುತ್ತಲೇ ಇರುತ್ತಾರೆ. ಪ್ರೀತಿಯಿಂದ ಕೇಳುತ್ತಿದ್ದಾರೆ ಅನ್ನಿಸುತ್ತೆ, ಹೇಳಿಬಿಡುತ್ತೀವಿ. ಕೇಳಿದವರಲ್ಲಿ ಕಳ್ಳ ಯಾರು ಅಂತ ಹದಿನೆಂಟು ವರ್ಷದವರಿಗೆ ಹೇಗಮ್ಮ ಗೊತ್ತಾಗಬೇಕು?

ಈ ಪತ್ರ ಸಿಕ್ಕ ಮರುದಿನವೇ ಅವಳನ್ನು ಕಾಲೇಜಿಗೆ ಕಳಿಸು. ಹಾಜರಾತಿ ಕಡಿಮೆಯಾದರೆ ಪರೀಕ್ಷೆಗೇ ಕೂರಿಸುವುದಿಲ್ಲ. ನಾನೇ ಬಂದು ಜಗಳ ಆಡುತ್ತಿದ್ದೆ, ಆದರೆ ಇಂಟರ್ನಲ್ಸ್ ಇದೆ.

ಸಿಟ್ಟು ಇನ್ನೂ ಇಳಿಯದ
ನಿನ್ನ ದೊಡ್ಡ ಮಗಳು,
ತೇಜಸ್ವಿನಿ

ಮರೆತದ್ದಲ್ಲ, ಮೇಲೆ ಬರೆಯಲು ಧೈರ್ಯ ಸಾಲದೆ ಉಳಿದದ್ದು: ಅಮ್ಮ, ಅದನ್ನು ಹಾಕಿದ್ದು ಲಾವಣ್ಯ ಅಲ್ಲ. ಮನೆ ನೆನಪಾದಾಗ ಕೇಳು ಅಕ್ಕ ಅಂತ ಅವಳು ನನಗೊಬ್ಬಳಿಗೇ ಕಳಿಸಿದ್ದಳು. ಹಾಕಿದ್ದು ನಾನು. ಬೆಟ್ಟದ ಹೆಸರು, ಮಂದೆ ನೆರಳಿಗೆ ನಿಲ್ಲುವ ಹೊತ್ತು, ಎಲ್ಲ ಬರೆದದ್ದೂ ನಾನೇ. ಅವಳಿಗೆ ಗೊತ್ತಿಲ್ಲದೆ ಅವಳ ಹೆಸರು, ಅವಳ ಫೋಟೊ ಇಟ್ಟೆ. ಯಾಕೆಂದರೆ ರೂಮಿನ ಶಾಂತಕುಮಾರಿಗೆ ನಮ್ಮಪ್ಪ ಬಿಸಿನೆಸ್ ಮಾಡುತ್ತಾರೆ ಅಂತ ಹೇಳಿಬಿಟ್ಟಿದ್ದೆ. ಮೂರು ಲಕ್ಷ ಜನರ ಹೊಗಳಿಕೆ ಬೇಕಿತ್ತು, ಆತ ನನ್ನಪ್ಪ ಅಂತ ಇಲ್ಲಿ ಗೊತ್ತಾಗುವುದು ಬೇಡವಿತ್ತು. ನೀನು ಜಡೆ ಹಿಡಿದ ಕ್ಷಣವೇ ಅವಳಿಗೆ ಅರ್ಥವಾಗಿದೆ. ನನ್ನ ಹಾಸ್ಟೆಲ್ ಉಳಿಯಲಿ ಅಂತಲೇ ಅವಳು ಹೂಂ ಅಂದಿದ್ದಾಳೆ. ಅವಳ ಬದಲು ನನ್ನನ್ನು ಬಿಡಿಸು.

ಲಾವಣ್ಯ, ಅಮ್ಮನಿಗೆ ಇದನ್ನು ಓದಿ ಹೇಳುತ್ತಿರುವವಳು ನೀನೇ ಅಂತ ಗೊತ್ತು. ನನ್ನ ಸಹಿ ಬಂತು ಅಂತ ಪತ್ರ ಮಡಚಬೇಡ ಕಣೇ. ಇದನ್ನೂ ಓದು. ಅಪ್ಪ ಕುರಿ ದೊಡ್ಡಿಗೆ ಕೂಡಿ ಒಳಗೆ ಬಂದ ಮೇಲೆ ಇನ್ನೊಂದು ಸಲ ಓದು, ಜೋರಾಗಿ.