ಚಿಕ್ಕಮ್ಮ ಮುಚ್ಚಿದ ಬಾಗಿಲು

ಟಾಂಪೆರೆ, ಫಿನ್‌ಲ್ಯಾಂಡ್

ಚಿಕ್ಕಪ್ಪಾ,

ಚಿಕ್ಕಮ್ಮನನ್ನು ನನ್ನ ಜೊತೆ ಸಾಗಹಾಕಿ ನೀವು ನಮ್ಮೂರು ಚಾಚಕ್‌ನಲ್ಲಿ ಕಾಲು ಚಾಚಿ ಕೂತಿದ್ದೀರಿ. ಯುರೋಪಿಯನ್ ವಾಲಿಬಾಲಿನಲ್ಲಿ ನಮ್ಮ ಸರ್ಬಿಯಾ ಸೋತದ್ದನ್ನು ನಿನ್ನೆ ಟಿವಿಯಲ್ಲಿ ನೋಡಿ ನಮ್ಮ ಆಟಗಾರ ವುಕಾಶಿನ್‌ಗೆ ಹಿಡಿಶಾಪ ಹಾಕಿರುತ್ತೀರಿ. ಪಾಪ, ಅವನ ತಪ್ಪಿಲ್ಲ.

ಈ ಫಿನ್ನರು ಒಳಾಂಗಣ ಕ್ರೀಡಾಂಗಣದಲ್ಲಿ ನಮ್ಮ ಸೀಟಿನ ಪಕ್ಕದ ದೊಡ್ಡ ಬಾಗಿಲನ್ನು ಹಾರುಹೊಡೆದು ಇಟ್ಟಿದ್ದರು. "ಆಡಿ ಬೆವರಿದ ಮಕ್ಕಳ ಮೇಲೆ ಹೀಗೆ ಗಾಳಿ ಬಿಡ್ತಾರೇನೋ? ಇವರನ್ನ ತಾಯಂದಿರು ಹೆತ್ತಿಲ್ವಾ?" ಎಂದು ಚಿಕ್ಕಮ್ಮ ಮೊದಲಿನಿಂದಲೂ ಗೊಣಗುತ್ತಿದ್ದರು. ಆದರೆ ಕೊನೆಯ ಸೆಟ್ಟಿನಲ್ಲಿ ಆ ಗಾಳಿಯೇ ನಮ್ಮನ್ನು ಕಾಯುತ್ತಿತ್ತು. ವುಕಾಶಿನ್ ಎಷ್ಟೇ ಬೀಸಿ ಹೊಡೆದರೂ ಅವನ ಸರ್ವ್ ಎದುರುಗಾಳಿಗೆ ಸಿಕ್ಕಿ ಗೆರೆಯೊಳಗೇ ಧೊಪ್ಪನೆ ಬೀಳುತ್ತಿತ್ತು. ಇನ್ನೇನು ಗೆದ್ದೆವು ಅನ್ನುವಾಗ ಚಿಕ್ಕಮ್ಮನ ಸಹನೆ ಮುಗಿಯಿತು. ಎದ್ದರು, ಬಾಗಿಲು ಎಳೆದರು, ಸಂದಿಗೆ ನನ್ನ ಕೋಟು ತುರುಕಿದರು. ತಡೆಯಲು ಬಂದ ಕಾವಲುಗಾರನಿಗೆ "ನೀನೂ ಮಫ್ಲರ್ ಸುತ್ಕೊಳ್ಳಪ್ಪಾ" ಅಂದರು. ವುಕಾಶಿನ್ ಎಂದಿನಂತೆ ಬೀಸಿ ಹೊಡೆದ. ಚೆಂಡು ಗೆರೆ ದಾಟಿ ಫೋಟೋದವರ ಮಧ್ಯೆ ಹೋಗಿ ಬಿತ್ತು. ಆಮೇಲೆ ನಮ್ಮ ತಂಡ ಚೇತರಿಸಿಕೊಳ್ಳಲೇ ಇಲ್ಲ.

"ಸೋತ್ರೆ ಸೋತ್ರು ಕಣೋ, ಗಾಳಿ ಬಡಿದು ಯಾರ ಕುತ್ತಿಗೇನೂ ಹಿಡ್ಕೊಳ್ಳಲಿಲ್ವಲ್ಲ!" ಎಂದು ಅವರು ನೆಮ್ಮದಿಯಾಗಿ ಕೂತರು.

ಚಿಕ್ಕಮ್ಮ ಗುಂಡುಕಲ್ಲಿನ ಹಾಗಿದ್ದಾರೆ. ಬಾಗಿಲು ಮತ್ತೆ ತೆಗೆಯಲು ಅವರು ಬಿಡದೆ ಕೋಟು ಅಲ್ಲೇ ಉಳಿಯಿತು; ಅದಿಲ್ಲದೆ ಚಳಿಯಲ್ಲಿ ನಡೆದು ಬಂದು ನನಗೆ ಜ್ವರ ಬಂದಿದೆ. ಗೆದ್ದರೆ ಕುಡಿಯಲೆಂದು ನೀವು ಕಳಿಸಿದ ರಾಕಿಯಾವನ್ನೆಲ್ಲ ನನ್ನ ಎದೆಗೆ ತಿಕ್ಕುತ್ತಾ ಹೇಳುತ್ತಿದ್ದಾರೆ: "ನೋಡಿದ್ಯಾ? ಆ ಬಾಗಿಲು ಇನ್ನೂ ಮೊದಲೇ ಮುಚ್ಚಬೇಕಿತ್ತು!"

ನಿಮ್ಮ ಓಗ್ನ್ಯೆನ್